ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಕನ್ನಡದಲ್ಲಿ ಏನನ್ನೋಣ? (ಅರ್ಜೆಂಟು)

ಇವತ್ತು ಸಂಜೆಯೊಳಗೆ ಬೇಕು. ಹೆರೋಕು (ಆಪ್‌ಗಳನ್ನು ತನ್ನ ಸರ್ವರಿನಲ್ಲಿ ನಡೆಸಿಕೊಡುವ ಸೇವೆ) ಕಮಾಂಡ್ ಲೈನ್ ಬಳಸುವವರಿಗೆ ಒಂದು ಪುಟ್ಟ ಕೈಪಿಡಿ ಕನ್ನಡಕ್ಕೆ ತರುತ್ತಿದ್ದೇನೆ. ಡೇಟಾಬೇಸ್ ವಿಳಾಸ, ಪಾಸ್‌ವರ್ಡು ಇಂಥವನ್ನು ಕೋಡಿನಲ್ಲಿ ಬರೆಯದೆ ಹೊರಗಿಡುತ್ತೇವಲ್ಲ, ಅದಕ್ಕೆ 'ಪರಿಸರ ಚರಾಕ್ಷರ' ಅಂತ ಹಾಕಿದ್ದೆ. ಪಕ್ಕದ ಸೀಟಿನವರು ಓದಿ, ಇದೇನು ಮೂರನೇ ಕ್ಲಾಸಿನ ಪರಿಸರ ಅಧ್ಯಯನವಾ ಅಂದರು. ಸೆಟ್ ಮಾಡಿದ್ದನ್ನು ಅಳಿಸುವ 'ಅನ್‌ಸೆಟ್' ಕಮಾಂಡು ಇನ್ನೊಂದು ತಲೆನೋವು. 'ಖಾಲಿ ಮಾಡು' ಅಂದರೆ ತಪ್ಪು, ಹೆಸರಿದ್ದು ಬೆಲೆ ಖಾಲಿ ಇರುವುದೇ ಬೇರೆ, ಹೆಸರೇ ಇಲ್ಲದಿರುವುದೇ ಬೇರೆ, ಅಲ್ವಾ?

— — —

ಚರಾಕ್ಷರ ಬೇಡವೇ ಬೇಡ. ಅದು ಬೀಜಗಣಿತದ ಎಕ್ಸು ವೈಗಳಿಗೆ. 'ಪರಿಸರ'ವೂ ಸಲ್ಲದು. ಪರಿ ಅಂದರೆ ಸುತ್ತ. ಇಲ್ಲಿ ಸುತ್ತ ಏನಿದೆ? ಶೆಲ್ (ನಾವು ಟೈಪಿಸಿದ ಕಮಾಂಡು ನಡೆಸುವಂಥದ್ದು) ಒಂದು ಪ್ರೋಗ್ರಾಮನ್ನು ಶುರು ಮಾಡುವಾಗ, ಎಕ್ಸ್‌ಪೋರ್ಟ್ ಮಾಡಿದ, ಅಂದರೆ ಜೊತೆಗೆ ಕಳಿಸಲು ಗುರುತು ಹಾಕಿದ ವೇರಿಯಬಲ್‌ಗಳ ನಕಲು ಕಟ್ಟಿ ಕೈಗೆ ಕೊಟ್ಟು ಕಳಿಸುತ್ತದೆ, ಹೊರಟವನು ಅದನ್ನು ಏನು ಮಾಡಿಕೊಂಡರೂ ಮನೆಯ ಡಬ್ಬಿಯಲ್ಲಿರುವುದು ಬದಲಾಗುವುದಿಲ್ಲ. 1979ರ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ 7ನೇ ಆವೃತ್ತಿಯಿಂದಲೂ ಹೀಗೇ. ಇದಕ್ಕೆ ನಮ್ಮಲ್ಲಿ ಪದ ಇದೆ: ಬುತ್ತಿ. ಹೆರೋಕುವಿನಲ್ಲಿ ಸೆಟ್ ಮಾಡಿದ ಕೂಡಲೇ ಆಪ್ ಮತ್ತೆ ಶುರುವಾಗುವುದೂ ಅದಕ್ಕೇ. ಬುತ್ತಿ ಬದಲಾದರೆ ಹೋದವನನ್ನು ವಾಪಸ್ ಕರೆದು ಹೊಸದಾಗಿ ಕಳಿಸಬೇಕು. ಸೆಟ್ ಅಂದರೆ ಬುತ್ತಿಗೆ ಹಾಕು, ಅನ್‌ಸೆಟ್ ಅಂದರೆ ಬುತ್ತಿಯಿಂದ ತೆಗೆ. ಅಚ್ಚಗನ್ನಡ ಇರುವಾಗ ಸಂಸ್ಕೃತದ ಹಂಗೇಕೆ?

— — —

> ಅಚ್ಚಗನ್ನಡ

ಬುತ್ತಿ 'ಭುಕ್ತಿ'ಯ ತದ್ಭವ ಸ್ವಾಮಿ. ನಿಘಂಟು ತೆರೆದು ನೋಡಿ ಆಮೇಲೆ ಹಂಗಿನ ಮಾತಾಡಿ.

— — —

ತದ್ಭವವಾದರೆ ಏನೀಗ? ಸವೆದು ನಮ್ಮ ಬಾಯಿಗೆ ಒಗ್ಗಿದೆ, ಅಷ್ಟು ಸಾಕು.

— — —

ಹಾಗಾದರೆ 'ವೇರಿಯಬಲ್' ಒಗ್ಗಿಲ್ಲವೇ? ಅರಬ್ಬಿಯ ಅರ್ಜಿ, ಪೋರ್ಚುಗೀಸರ ಚಾವಿ ದಿನಾ ಬಳಸುತ್ತೀರಿ, ಇಂಗ್ಲಿಷಿಗೆ ಮಾತ್ರ ಮಡಿ. ಅದಕ್ಕಿಂತ ಸುಮ್ನೆ ಒಂದು ಸಲ ಟರ್ಮಿನಲ್ ತೆರೆದು ನೋಡಿ. ಅಲ್ಲಿ 'ಬುತ್ತಿ' ಅಂತ ಟೈಪಿಸಿದರೆ ಏನು ಬರುತ್ತದೆ?

— — —

ಸಂಜೆಯಾಯಿತು. 'ಎನ್ವಿರಾನ್‌ಮೆಂಟ್ ವೇರಿಯಬಲ್' ಅಂತಲೇ ಕಳಿಸಿದೆ, ತೊಂದರೆಯಾದಾಗ ಜನ ಹುಡುಕುವುದು ಅದನ್ನೇ. ಅನ್‌ಸೆಟ್‌ಗೆ 'ತೆಗೆದುಹಾಕು'. ಆಪ್ ಯಾಕೆ ಮತ್ತೆ ಶುರುವಾಗುತ್ತದೆ ಅನ್ನುವಲ್ಲಿ ಮಾತ್ರ ಬುತ್ತಿಯ ಸಾಲು ಹಾಗೇ ಎತ್ತಿ ಹಾಕಿದ್ದೇನೆ. ಭುಕ್ತಿಯವರು ಕ್ಷಮಿಸಬೇಕು.