‘ಇನಿಟ್’ಗೂ ಮುಂಚಿನ ಕೆಲಸಕ್ಕೆ ಏನನ್ನೋಣ: ಪೂರ್ವಾರಂಭ, ಮುನ್ನಣಿ, ಹದ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು. ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ, ಯಾಕೆಂದರೆ ಕೆಲಸ ಏನು ಎಂದು ಹೇಳದೆ ಸುಮ್ನೆ ಪದ ಕೇಳಿದರೆ ನಿಘಂಟಿನಲ್ಲಿರುವುದೇ ಉತ್ತರವಾಗಿ ಬರುತ್ತದೆ. ಅದು ನನ್ನ ಹತ್ತಿರ ಇದೆ, ತೊಂದರೆ ಶುರುವಾಗಿದ್ದೇ ಅದರಿಂದ.

ಚಾಮರಾಜಪೇಟೆಯಲ್ಲಿ ಭಾನುವಾರ ಬೆಳಿಗ್ಗೆ ಡಿಪ್ಲೊಮಾ ಓದುವ ಏಳೆಂಟು ಮಕ್ಕಳಿಗೆ ಸಣ್ಣ ಬೋರ್ಡ್‌ಗಳ (ಚಿಪ್ ಕೂರಿಸಿದ ಸರ್ಕ್ಯೂಟ್ ಹಲಗೆಗಳ) ಮೇಲೆ ಕೋಡ್ ಬರೆಯುವುದನ್ನು ಹೇಳಿಕೊಡುತ್ತೇನೆ. ಹೆಚ್ಚಿನವರು ಹತ್ತನೇ ತರಗತಿವರೆಗೆ ಕನ್ನಡದಲ್ಲೇ ಓದಿದವರು. ಬುದ್ಧಿಗೆ ಏನೂ ಕಡಿಮೆಯಿಲ್ಲ, ಇಂಗ್ಲಿಷ್ ಪುಟ ಓದುವಾಗ ಮಾತ್ರ ಅರ್ಧ ಶಕ್ತಿ ಭಾಷೆಗೇ ಹೋಗುತ್ತದೆ. ಅದಕ್ಕೆ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾವು ಬಳಸುವುದು ಜೆಫಿರ್, ಸಣ್ಣ ಚಿಪ್‌ಗಳಿಗೆಂದೇ ಇರುವ ಆಪರೇಟಿಂಗ್ ಸಿಸ್ಟಂ, 2016ರಿಂದ ಲಿನಕ್ಸ್ ಫೌಂಡೇಶನ್ನಿನ ಆಸರೆಯಲ್ಲಿ ಬೆಳೆಯುತ್ತಿರುವುದು.

ಈಗ ಕೆಲಸ ಏನು ಅಂದರೆ, ಬೋರ್ಡಿಗೆ ಕರೆಂಟ್ ಕೊಟ್ಟ ಕೂಡಲೇ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಏಳುತ್ತದೆ, ಎದ್ದು ತನ್ನ ಹತ್ತಿರ ಇರುವ ಪಟ್ಟಿ ನೋಡಿ ಒಂದೊಂದೇ ಡ್ರೈವರ್‌ನ ಇನಿಟ್ ಫಂಕ್ಷನ್ ಕರೆಯುತ್ತಾ ಹೋಗುತ್ತದೆ. ಡ್ರೈವರ್ ಎಂದರೆ ಒಂದು ಸಾಧನವನ್ನು ನೋಡಿಕೊಳ್ಳುವ ಕೋಡ್, ಇನಿಟ್ (ಇನಿಶಿಯಲೈಸ್) ಎಂದರೆ ಆ ಸಾಧನವನ್ನು ಬಳಕೆಗೆ ಸಜ್ಜು ಮಾಡುವ ಅದರ ಭಾಗ. ನಾವು ಕರೆಯಬೇಕಾಗಿಲ್ಲ. ಡ್ರೈವರ್‌ಗಳಿಗೆ ಮೂರು ಹಂತ: ಪ್ರೀ ಕರ್ನಲ್ ಒಂದು, ಪ್ರೀ ಕರ್ನಲ್ ಎರಡು, ಪೋಸ್ಟ್ ಕರ್ನಲ್. ಪ್ರತಿ ಹಂತದೊಳಗೆ 0ಯಿಂದ 99ರವರೆಗೆ ಸಂಖ್ಯೆ, ಚಿಕ್ಕ ಸಂಖ್ಯೆಯದು ಮೊದಲು. ಈ ಸರದಿ ಕೋಡ್ ಓಡುವಾಗ ತೀರ್ಮಾನವಾಗುವುದಲ್ಲ, ಕೋಡ್ ಬಿಲ್ಡ್ ಮಾಡುವಾಗಲೇ, ಅದರ ತುಣುಕುಗಳನ್ನು ಒಂದುಗೂಡಿಸುವ ಲಿಂಕರ್ ಜೋಡಿಸಿಟ್ಟಿರುತ್ತದೆ. ತುಂಬಾ ಅಚ್ಚುಕಟ್ಟು.

ನಮ್ಮ ಮೇಜಿನ ಮೇಲೆ ಇದು ಕೈಕೊಟ್ಟಿತು. ಎಸ್‌ಪಿ ರೋಡಿನಿಂದ ತಂದ ಬಿಎಂಪಿ280 ಸೆನ್ಸರ್ ಒಂದಿದೆ, ಗಾಳಿಯ ಒತ್ತಡ ಅಳೆಯುವುದು. ಬ್ಯಾಟರಿ ಉಳಿಸೋಣ ಎಂದು ಅದಕ್ಕೆ ಕರೆಂಟ್ ಹೋಗುವ ದಾರಿಯಲ್ಲಿ ಒಂದು ಸ್ವಿಚ್ ಇಟ್ಟಿದ್ದೇವೆ, ಚಿಪ್ಪಿನ ಒಂದು ಪಿನ್ ಮೇಲೆತ್ತಿದರೆ (ಅಂದರೆ ಕೋಡ್‌ನಿಂದ ಅದರ ವೋಲ್ಟೇಜ್ ಏರಿಸಿದರೆ) ಮಾತ್ರ ಸೆನ್ಸರ್‌ಗೆ ಕರೆಂಟ್. ಡ್ರೈವರ್ ಇನಿಟ್ ಆಗುವಾಗ ಮಾಡುವ ಮೊದಲ ಕೆಲಸಗಳಲ್ಲಿ ಸೆನ್ಸರ್‌ನ ಗುರುತಿನ ಸಂಖ್ಯೆ ಕೇಳುವುದೂ ಒಂದು. ಹೆಕ್ಸ್‌ನಲ್ಲಿ (ಹದಿನಾರರ ಎಣಿಕೆಯಲ್ಲಿ) 58 ಎಂದು ಉತ್ತರ ಬರಬೇಕು. ಪಿನ್ ಎತ್ತುವ ಸಾಲು, ನಮ್ಮ ಪ್ರೋಗ್ರಾಂ ಶುರುವಾಗುವ ಮೇನ್ ಫಂಕ್ಷನ್‌ನಲ್ಲಿತ್ತು. ಕರ್ನಲ್ ತನ್ನ ಪಟ್ಟಿ ಮುಗಿಸಿದ ಮೇಲೆ ತಾನೇ ಮೇನ್ ಬರುವುದು? ಅಷ್ಟರಲ್ಲಿ ಡ್ರೈವರ್ ಕೇಳಿ, ಉತ್ತರ ಸಿಗದೆ, ಸೋತು ಕೂತಿತ್ತು. ಆಮೇಲೆ ಕರೆಂಟ್ ಬಂದು ಏನು ಪ್ರಯೋಜನ.

ಇದಕ್ಕೆ ಇರುವ ದಾರಿಗಳಲ್ಲಿ ಒಂದು, ಕರ್ನಲ್ ಆ ಪಟ್ಟಿಗೆ ಕೈ ಹಾಕುವ ಮೊದಲೇ ನಮ್ಮ ಬೋರ್ಡಿನ ಕೋಡಿಗೆ ಒಂದು ಅವಕಾಶ ಕೊಡುವುದು. ಜೆಫಿರ್‌ನಲ್ಲಿ ಬೋರ್ಡ್ ಅರ್ಲಿ ಇನಿಟ್ ಹುಕ್ ಎಂದು ಇದೆ, ನಮ್ಮ ಕೋಡ್ ಸಿಕ್ಕಿಸಲು ಬಿಟ್ಟಿರುವ ಜಾಗ. ಅಲ್ಲಿ ಪಿನ್ ಎತ್ತಿ ಸ್ವಲ್ಪ ಕಾದರೆ ಸಾಕು, ಕರೆಂಟ್ ಬಂದ ಮೇಲೆ ಈ ಸೆನ್ಸರ್ ಮಾತಿಗೆ ಸಿಗಲು ಹೆಚ್ಚೆಂದರೆ 2 ಮಿಲಿಸೆಕೆಂಡ್. ಆದರೆ ಅಲ್ಲಿ ಯಾವ ಅನುಕೂಲವೂ ಇರುವುದಿಲ್ಲ. ಪಿನ್ನನ್ನು ನೋಡಿಕೊಳ್ಳುವ ಜಿಪಿಐಒ ಡ್ರೈವರ್ ಕೂಡ ಇನ್ನೂ ಎದ್ದಿರುವುದಿಲ್ಲ, ಚಿಪ್ಪಿನೊಳಗೆ ಪಿನ್ನನ್ನು ನಿಯಂತ್ರಿಸುವ ರಿಜಿಸ್ಟರ್‌ಗೆ ನೇರವಾಗಿ ಬರೆಯಬೇಕು. ‘ಇಷ್ಟು ಹೊತ್ತು ಮಲಗಿರು’ ಎನ್ನುವ ಕರ್ನಲ್ಲಿನ ಸ್ಲೀಪ್ ಸಿಗುವುದಿಲ್ಲ, ನಿಂತಲ್ಲೇ ಸುತ್ತು ಹೊಡೆಯುತ್ತಾ ಹೊತ್ತು ಕಳೆಯಬೇಕು.

ಈ ಕೆಲಸಕ್ಕೆ ನಾನು ಟಿಪ್ಪಣಿಯಲ್ಲಿ ಬರೆದಿದ್ದ ಪದ ‘ಪೂರ್ವಾರಂಭ’.

ಮಾಗಡಿ ಕಡೆಯ ಒಬ್ಬ ಹುಡುಗಿ ಓದಿ ಕೇಳಿದಳು, “ಮೇಡಂ, ಅಂದ್ರೆ ಸೆನ್ಸರ್ ಡ್ರೈವರ್ ಉಳಿದವಕ್ಕಿಂತ ಬೇಗ ಆರಂಭ ಆಗುತ್ತೆ ಅಂತಾನಾ?” ಅಲ್ಲ. ಡ್ರೈವರ್ ಆರಂಭವಾಗುವುದು ಅದರ ಹೊತ್ತಿಗೇ, ಅದಕ್ಕೂ ಮುಂಚೆ ಬೇರೆಯವರು ಬೇರೆ ಕೆಲಸ ಮಾಡಿರುತ್ತಾರೆ. ಆದರೆ ಅವಳು ಓದಿದ್ದರಲ್ಲಿ ತಪ್ಪಿರಲಿಲ್ಲ. ಪೂರ್ವಸಿದ್ಧತೆ ಎಂದರೆ ಸಿದ್ಧತೆಯೇ, ಮುಂಚಿತವಾಗಿ ಮಾಡಿದ್ದು. ಸ್ವಾತಂತ್ರ್ಯಪೂರ್ವ ಎಂದರೆ ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ. ‘ಪೂರ್ವ’ ಮುಂದೆ ಕೂತರೆ ಒಂದು ಅರ್ಥ, ಹಿಂದೆ ಕೂತರೆ ಇನ್ನೊಂದು. ನನಗೆ ಬೇಕಿದ್ದದ್ದು ‘ಆರಂಭಪೂರ್ವ’, ನಾನು ಬರೆದದ್ದು ‘ಪೂರ್ವಾರಂಭ’. ಇಷ್ಟು ವರ್ಷ ಈ ವ್ಯತ್ಯಾಸ ಕಣ್ಣಿಗೆ ಬಿದ್ದಿರಲಿಲ್ಲ. ಸರಿ, ‘ಆರಂಭಪೂರ್ವ ಕಾರ್ಯ’ ಎಂದು ತಿದ್ದಿದೆ. ಅರ್ಥ ಸರಿಯಾಯಿತು, ಆದರೆ ಸರ್ಕಾರಿ ಸುತ್ತೋಲೆಯ ಹಾಗೆ ಕೇಳಿಸಿತು. ಮಕ್ಕಳ ಬಾಯಲ್ಲಿ ಅದು ನಿಲ್ಲಲಿಲ್ಲ.

ಆಮೇಲೆ ಯೋಚಿಸುತ್ತಾ ಹೋದರೆ ‘ಆರಂಭ’ ಎನ್ನುವುದೇ ಇಲ್ಲಿ ಸರಿಯಿಲ್ಲ ಅನ್ನಿಸಿತು. ಇನಿಟ್ ಫಂಕ್ಷನ್ ಏನು ಮಾಡುತ್ತದೆ ನೋಡಿ: ಗುರುತು ಕೇಳುತ್ತದೆ, ಸೆಟ್ಟಿಂಗ್ ಬರೆಯುತ್ತದೆ, ಆಮೇಲೆ ಕರೆ ಬರುವವರೆಗೆ ಕಾಯುತ್ತದೆ. ಅಳೆಯುವ ಕೆಲಸ ಶುರುವಾಗುವುದು ನಾವು ಕೇಳಿದಾಗ. ಕನ್ನಡದಲ್ಲಿ ಶುರು ಮಾಡುವುದು ಬೇರೆ, ಅಣಿ ಮಾಡುವುದು ಬೇರೆ. ದಸರೆಗೆ ಮೈಸೂರು ಅಣಿಯಾಯಿತು ಎಂದರೆ ದಸರಾ ಇನ್ನೂ ಶುರುವಾಗಿಲ್ಲ. ಮದುವೆ ಮನೆ ಅಣಿಯಾಯಿತು ಎಂದರೆ ಚಪ್ಪರ ಎದ್ದಿದೆ, ತಾಳಿ ಕಟ್ಟಿಲ್ಲ. ಡ್ರೈವರ್‌ಗೆ ಬೇಕಾದದ್ದು ಇದೇ ಪದ ಅಲ್ವಾ? ಇನ್ನೊಂದು ಲಾಭವೂ ಇದೆ. ‘ಸೆನ್ಸರ್ ಅಣಿಯಾಯಿತು’, ‘ಕರ್ನಲ್ ಸೆನ್ಸರನ್ನು ಅಣಿ ಮಾಡಿತು’, ‘ಅಣಿಯಾಗಿಲ್ಲ’, ‘ಅಣಿಯಾಗಲು ಬಿಡಬೇಡ’, ಹೀಗೆ ಆಗು, ಮಾಡು ಎರಡೂ ಸುಲಭವಾಗಿ ಹತ್ತುತ್ತವೆ. ‘ಪ್ರಾರಂಭೀಕರಣಗೊಳ್ಳದಿರುವ’ ಎಂದು ಬರೆಯಬೇಕಾಗಿಲ್ಲ. ಒಂದೇ ತೊಂದರೆ, ಬರೆಯುವಾಗ ಒಂದು ದೀರ್ಘ ಜಾಸ್ತಿಯಾದರೆ ಕಾಲಿನ ಆಣಿ ಆಗುತ್ತದೆ.

ಹಾಗಾದರೆ ಅಣಿಗೂ ಮುಂಚಿನದು ‘ಮುನ್ನಣಿ’ ಆಗಲಿ ಅಂದುಕೊಂಡೆ. ಮುನ್ನೆಚ್ಚರಿಕೆ, ಮುನ್ನುಡಿ, ಮುನ್ಸೂಚನೆ ಇದ್ದ ಹಾಗೆ. ಕಿವಿಗೂ ಚೆನ್ನಾಗಿದೆ. ಬರೆದ ವಾರವೇ ಎರಡು ಕಡೆಯಿಂದ ಪೆಟ್ಟು ಬಿತ್ತು.

ಮೊದಲನೆಯದು ಹಲಸೂರಿನ ಹುಡುಗನಿಂದ. ಮನೆಯಲ್ಲಿ ತಮಿಳು ಮಾತಾಡುವವನು, ಕನ್ನಡ ಶಾಲೆಯಲ್ಲಿ ಓದಿದವನು. “ನಮ್ಮಲ್ಲಿ ಮುನ್ನಣಿ ಅಂದ್ರೆ ಎಲ್ಲರಿಗಿಂತ ಮುಂದೆ ಇರೋದು ಮೇಡಂ, ಪೇಪರ್‌ನಲ್ಲಿ ದಿನಾ ಬರುತ್ತೆ” ಅಂದ. ಹೌದು, ತಮಿಳಿನಲ್ಲಿ ಅಣಿ ಎಂದರೆ ಒಡವೆ, ಹಾಗೆಯೇ ಸಾಲು, ಪಡೆ. ಮುನ್ನಣಿ ಎಂದರೆ ಮುಂದಿನ ಸಾಲು, ನಾವು ಮುಂಚೂಣಿ ಅನ್ನುತ್ತೇವಲ್ಲ, ಅದು. ಬೆಂಗಳೂರಿನಲ್ಲಿ ಕೂತು ಪದ ಕಟ್ಟುವಾಗ ಪಕ್ಕದ ಮನೆಯ ಕಿವಿಗೆ ಅದು ಹೇಗೆ ಕೇಳಿಸುತ್ತದೆ ಎಂಬುದೂ ಮುಖ್ಯ ಎಂದು ನನ್ನ ನಂಬಿಕೆ. ನನ್ನ ತರಗತಿಯಲ್ಲಂತೂ ಖಂಡಿತ ಮುಖ್ಯ.

ಎರಡನೆಯ ಪೆಟ್ಟು ನಮ್ಮ ಕನ್ನಡದಿಂದಲೇ. ಮುಂಗಾರು ಮೊದಲ ಮಳೆ, ಹಿಂಗಾರು ಆಮೇಲಿನದು. ಇಲ್ಲಿ ಮುಂ ಎಂದರೆ ಮೊದಲು. ಆದರೆ ‘ಮುಂದೆ ನೋಡೋಣ’ ಎಂದರೆ ಆಮೇಲೆ, ‘ಹಿಂದೆ ಒಮ್ಮೆ’ ಎಂದರೆ ಮೊದಲು. ಮಾತಾಡುವಾಗ ಯಾರೂ ತಡವರಿಸುವುದಿಲ್ಲ. ನನ್ನ ಟಿಪ್ಪಣಿಯಲ್ಲಿ ಮಾತ್ರ ಎರಡೂ ಒಂದೇ ಪುಟಕ್ಕೆ ಬಂದವು. ಯಾಕೆಂದರೆ ಕರ್ನಲ್‌ಗೆ ‘ಈ ಡ್ರೈವರನ್ನು ಈಗ ಮುಟ್ಟಬೇಡ, ನಾನು ಹೇಳಿದಾಗ ಮಾಡು’ ಎಂದೂ ಹೇಳಬಹುದು. ಜೆಫಿರ್‌ನಲ್ಲಿ ಡಿವೈಸ್‌ಟ್ರೀಯಲ್ಲಿ (ಬೋರ್ಡಿನ ಸಾಧನಗಳ ವಿವರ ಬರೆದಿಡುವ ಫೈಲಿನಲ್ಲಿ) ಆ ಸಾಧನದ ಕೆಳಗೆ ಡಿಫರ್ಡ್ ಇನಿಟ್ ಎಂದು ಒಂದು ಸಾಲು ಬರೆದರೆ ಕರ್ನಲ್ ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಲಿನಕ್ಸ್‌ನಲ್ಲಿ ಇದರ ಹತ್ತಿರದ್ದೇ ಒಂದಿದೆ: ತನಗೆ ಬೇಕಾದ ಕರೆಂಟೋ ಕ್ಲಾಕೋ ಇನ್ನೂ ಬಂದಿಲ್ಲ ಎಂದಾದರೆ ಡ್ರೈವರ್ 517 ಎಂಬ ಎರರ್ ಸಂಖ್ಯೆ ವಾಪಸ್ ಕೊಡುತ್ತದೆ, ಕರ್ನಲ್ ಆಮೇಲೆ ಮತ್ತೆ ಬಂದು ಕೇಳುತ್ತದೆ. 2012ರ 3.4ನೇ ಆವೃತ್ತಿಯಿಂದ ಹೀಗೆ. ಇದಕ್ಕೆ ‘ಮುಂದೂಡಿದ ಅಣಿ’ ಎಂದೇ ಬರೆದಿದ್ದೆ, ಬೇರೆ ಯಾವ ಪದ ಇದಕ್ಕಿಂತ ಸಹಜ? ಈಗ ನೋಡಿ, ಬೇಗ ಮಾಡುವುದು ಮುನ್ನಣಿ, ತಡವಾಗಿ ಮಾಡುವುದು ಮುಂದೂಡಿದ ಅಣಿ. ಮೂವರು ಮಕ್ಕಳು ಎರಡನ್ನೂ ಅದಲುಬದಲು ಮಾಡಿ ಬರೆದಿದ್ದರು. ‘ಮುಂದೂಡು’ ಬಿಡಲಾರೆ, ಹಾಗಾಗಿ ಮುನ್ನಣಿಯನ್ನೇ ಬಿಟ್ಟೆ.

ಈಗ ನನ್ನ ಮನಸ್ಸು ನಿಂತಿರುವ ಪದಕ್ಕೆ ಬರುತ್ತೇನೆ. ಆ ಮಾಗಡಿ ಹುಡುಗಿಯದೇ ಮಾತು. ಹುಕ್ಕಿನೊಳಗೆ ಪಿನ್ ಎತ್ತಿ, ಕಾದು, ಆಮೇಲೆ ಕರ್ನಲ್‌ಗೆ ದಾರಿ ಬಿಡುವುದನ್ನು ಬೋರ್ಡಿನ ಮೇಲೆ ಮಾಡಿ ತೋರಿಸುತ್ತಿದ್ದೆ. “ಓ, ಮಳೆ ಬರೋಕೆ ಮುಂಚೆ ನೆಲ ಹದ ಮಾಡಿಟ್ಟುಕೊಳ್ಳೋದು” ಅಂದಳು. ಅಷ್ಟೇ ಹೇಳಿದ್ದು. ನನಗೆ ಮೈ ಜುಂ ಅಂದಿತು, ನಿಜವಾಗಿ. ಮಳೆ ತನ್ನ ಹೊತ್ತಿಗೆ ಬರುತ್ತದೆ, ನಾವು ಕರೆಯಬೇಕಾಗಿಲ್ಲ, ಕರ್ನಲ್ ತನ್ನ ಪಟ್ಟಿ ಓಡಿಸುವ ಹಾಗೆ. ಅದು ಬರುವ ಹೊತ್ತಿಗೆ ನೆಲ ಹದವಾಗಿರಬೇಕು ಎಂಬುದಷ್ಟೇ ನಮ್ಮ ಪಾಲಿನ ಕೆಲಸ. ಮತ್ತು ‘ಹದ’ದಲ್ಲಿ ಕಾಯುವ ಅಳತೆ ಕೂಡ ಒಳಗೇ ಇದೆ. ಪಾಕ ಹದಕ್ಕೆ ಬರಬೇಕು, ಹಿಟ್ಟು ಹದಕ್ಕೆ ಬರಬೇಕು, ಕಾವಲಿ ಹದವಾಗಿ ಕಾಯಬೇಕು. ಆ 2 ಮಿಲಿಸೆಕೆಂಡ್ ಇದೆಯಲ್ಲ, ಅದು ಹದಕ್ಕೆ ಬರುವ ಹೊತ್ತು. ‘ಅಣಿ’ಯಲ್ಲಿ ಈ ಅರ್ಥ ಇಲ್ಲ.

ಹಲಸೂರಿನ ಹುಡುಗ ಕೂಡಲೇ “ಪದಂ” ಅಂದ. ತಮಿಳಿನಲ್ಲಿ ಇದೇ ಪದ, ಇದೇ ಅರ್ಥ. ಹಳಗನ್ನಡದ ಪಾಲ್ ಹಾಲಾದ ಹಾಗೆ ನಮ್ಮಲ್ಲಿ ಪಕಾರ ಹಕಾರವಾಗಿದೆ. ಮುನ್ನಣಿಯಲ್ಲಿ ದಾರಿ ತಪ್ಪಿದ್ದವನು ಇಲ್ಲಿ ಯಾರೂ ಹೇಳಿಕೊಡದೆ ಬಂದು ಸೇರಿದ.

ಹೀಗೆ ಮಾಡಿದರೆ ‘ಮುನ್’, ‘ಪೂರ್ವ’ ಯಾವುದೂ ಬೇಕಾಗಿಲ್ಲ. ಬೋರ್ಡಿನ ಕೋಡ್ ಹದ ಮಾಡುತ್ತದೆ, ಕರ್ನಲ್ ಅಣಿ ಮಾಡುತ್ತದೆ, ನಮ್ಮ ಪ್ರೋಗ್ರಾಂ ಶುರು ಮಾಡುತ್ತದೆ. ಮೂರು ಕೆಲಸ, ಮೂರು ಪದ, ಸಾಲು ತಪ್ಪುವ ಹಾಗಿಲ್ಲ. ಟಿಪ್ಪಣಿಯ ಆ ಸಾಲನ್ನು ಈಗ ಹೀಗೆ ಬರೆದಿದ್ದೇನೆ: “ಕರ್ನಲ್ ತಾನೇ ಡ್ರೈವರ್‌ಗಳನ್ನು ಅಣಿ ಮಾಡಲು ತೊಡಗುವ ಮೊದಲು, ಬೋರ್ಡನ್ನು ಹದ ಮಾಡುವ ಕೋಡ್ ಇಲ್ಲಿ ಓಡುತ್ತದೆ.” ಮೊದಲು ಅಲ್ಲಿದ್ದ ‘ಸ್ವಯಂಚಾಲಿತ’ ತೆಗೆದುಹಾಕಿದೆ. ‘ತಂತಾನೆ’ ಎಂದೂ ಹಾಕಲಿಲ್ಲ, ಅದು ಯಾರೂ ಮಾಡದೆ ಆದದ್ದಕ್ಕೆ. ಇಲ್ಲಿ ಮಾಡುವವರಿದ್ದಾರೆ, ನಾವು ಹೇಳಬೇಕಾಗಿಲ್ಲ ಅಷ್ಟೇ. ಅದಕ್ಕೆ ‘ತಾನೇ’.

ಉಳಿದವನ್ನು ಬದಲಿಸಿಲ್ಲ. ಡ್ರೈವರ್ ಡ್ರೈವರೇ. ‘ಚಾಲಕ’ ಎಂದು ಬರೆದರೆ, ಸೆನ್ಸರ್ ಕೂತಿರುವ ತಂತಿಗೂ ಬಸ್ ಎಂದೇ ಹೆಸರಿರುವುದರಿಂದ, ‘ಬಸ್ ಚಾಲಕ’ ಆಗಿಬಿಡುತ್ತದೆ. ಕರ್ನಲ್‌ಗೆ ‘ತಿರುಳು’ ನನಗೆ ಇಷ್ಟವೇ, ಆದರೆ ಮಕ್ಕಳು ಪರದೆಯ ಮೇಲೆ ಓದುವುದು ಕರ್ನಲ್ ಎಂದೇ. ಹುಕ್‌ಗೆ ಕೊಕ್ಕೆ ಎನ್ನಲು ಹೋದೆ, ‘ಫೈಲಿಗೆ ಕೊಕ್ಕೆ ಹಾಕಿದರು’ ಎನ್ನುವುದು ನೆನಪಾಗಿ ಕೈಬಿಟ್ಟೆ. ಕೆಲಸಕ್ಕೆ ಅಡ್ಡ ಬರುವ ಅರ್ಥ ಇಲ್ಲಿ ಬೇಡ.

ನನ್ನ ಪ್ರಶ್ನೆಗಳು ಇವು. ಧಾರವಾಡ, ಕಲಬುರಗಿ ಕಡೆಯವರಿಗೆ ‘ಹದ ಮಾಡು’ ಎಂದರೆ ಮೊದಲು ಏನು ಹೊಳೆಯುತ್ತದೆ? ತೊಗಲು ಹದ ಮಾಡುವುದು ಮಾತ್ರ ನೆನಪಾಗುತ್ತದೆಯೇ? ಕರಾವಳಿಯಲ್ಲಿ, ಮಲೆನಾಡಿನಲ್ಲಿ ‘ಅಣಿ’ ದಿನದ ಮಾತಿನಲ್ಲಿ ಇದೆಯೋ, ಪತ್ರಿಕೆಯಲ್ಲಿ ಮಾತ್ರವೋ? ನಮ್ಮ ಮನೆಯಲ್ಲಿ ಅಜ್ಜಿ ‘ಪೂಜೆಗೆ ಅಣಿ ಮಾಡಮ್ಮ’ ಎನ್ನುತ್ತಿದ್ದರು, ಈಗಿನ ಮಕ್ಕಳು ‘ರೆಡಿ ಮಾಡು’ ಅನ್ನುತ್ತಾರೆ. ಇನ್ನೊಂದು ಅನುಮಾನ: ಸಾಧನ ಕೆಟ್ಟು ನಿಂತಾಗ ‘ಹದ ತಪ್ಪಿದೆ’ ಎಂದು ಬರೆಯಬಹುದೇ? ಡ್ರೈವರ್ ಅಣಿಯಾಗಿಲ್ಲ ಎನ್ನುವುದಕ್ಕೂ ಬೋರ್ಡಿನ ಹದ ತಪ್ಪಿದೆ ಎನ್ನುವುದಕ್ಕೂ ವ್ಯತ್ಯಾಸ ಓದಿದ ಕೂಡಲೇ ತಿಳಿಯಬೇಕು. ನನಗೆ ತಿಳಿಯುತ್ತದೆ, ಆದರೆ ನಾನು ಇದರಲ್ಲೇ ಮುಳುಗಿರುವವಳು. ಈ ಕೆಲಸ ಗೊತ್ತಿಲ್ಲದವರು ಓದಿ ಹೇಳಿದರೆ ಜಾಸ್ತಿ ಉಪಕಾರ. ಭಾನುವಾರಕ್ಕೆ ಮುಂಚೆ ಉತ್ತರ ಬಂದರೆ ಜೆರಾಕ್ಸ್ ಹಾಕಿಸುವ ಮೊದಲೇ ತಿದ್ದಿಕೊಳ್ಳುತ್ತೇನೆ.