ಶಾಲೆಯ ‘ಮೂಲ ನಂಬಿಕೆಗಳು’ ಪುಟಕ್ಕೆ ಸಹಿ ಹಾಕ್ಬೇಕಂತೆ – ಕ್ಲಾಸಿನೊಳಗೆ ಅದು ಏನಾಗಿ ಬರುತ್ತೆ?

ದಾವಣಗೆರೆ_ಅಪ್ಪ

ಎಲ್ಲರಿಗೂ ನಮಸ್ಕಾರ. ನಂದು ಬ್ಯಾಂಕ್ ಕೆಲಸ, ಮಂಗಳೂರಿಗೆ ಟ್ರಾನ್ಸ್‌ಫರ್ ಆಗಿದೆ. ಮಗಳು ಈ ವರ್ಷ ಐದನೇ ಕ್ಲಾಸು. ಬಾಡಿಗೆ ಮನೆಯಿಂದ ನಡ್ಕೊಂಡು ಹೋಗೋ ದೂರದಲ್ಲಿ ಒಂದು ಕ್ರಿಶ್ಚಿಯನ್ ಶಾಲೆ ಇದೆ. ಫಾರಂ ತಗೊಂಡು ಬಂದೆ. ಜೊತೆಗೊಂದು ಪುಸ್ತಿಕೆ ಕೊಟ್ಟಿದ್ದಾರೆ, ಅದರಲ್ಲಿ ಎರಡು ಪುಟ ಪೂರ್ತಿ ‘ನಮ್ಮ ಶಿಕ್ಷಣ ತತ್ವ’, ‘ನಮ್ಮ ಮೂಲ ನಂಬಿಕೆಗಳು’. ಪ್ರತಿ ಮಗುವೂ ದೇವರ ಸ್ವರೂಪದಲ್ಲಿ ಸೃಷ್ಟಿಯಾದದ್ದು, ಯೇಸುವೇ ನಮಗೆ ಮಾದರಿ ಗುರು, ತಂದೆತಾಯಿಯೇ ಮೊದಲ ಶಿಕ್ಷಕರು, ದೈವಭಕ್ತಿಯೇ ಜ್ಞಾನಕ್ಕೆ ಮೊದಲು, ಹೀಗೆ. ಕೆಳಗೆ ಪೋಷಕರ ಸಹಿಗೆ ಜಾಗ.

ನಾವು ಲಿಂಗಾಯತರು. ಮಗಳು ದಿನಾ ವಿಭೂತಿ ಹಚ್ಕೊಂಡೇ ಶಾಲೆಗೆ ಹೋಗೋದು, ಇಲ್ದಿದ್ರೆ ಅವಳ ಅಜ್ಜಿ ಹೊಸ್ತಿಲು ದಾಟೋಕೆ ಬಿಡಲ್ಲ. ನಂಗೇನೂ ಗಾಬರಿ ಇಲ್ಲ. ನಾನೇ ಸಿರಿಗೆರೆ ಹಾಸ್ಟೆಲ್ಲಲ್ಲಿ ವಚನ ಹೇಳ್ತಾ ಬೆಳೆದವನು, ಶಾಲೆ ಕಟ್ಟಿದವರಿಗೆ ಅವರದ್ದೇ ಒಂದು ನಂಬಿಕೆ ಇರುತ್ತೆ ಅನ್ನೋದು ಗೊತ್ತು. ಆದ್ರೆ ಪುಸ್ತಿಕೆಯ ಈ ಮಾತುಗಳು ಸೋಮವಾರ ಬೆಳಿಗ್ಗೆ ಕ್ಲಾಸಿನಲ್ಲಿ ಏನಾಗಿ ಬರ್ತವೆ? ಅಲ್ಲಿ ಓದಿದವರು, ಪಾಠ ಮಾಡಿದವರು ಹೇಳಿ. ‘ಮತಾಂತರ ಮಾಡ್ತಾರೆ’, ‘ಇಂಗ್ಲಿಷ್ ಚೆನ್ನಾಗಿ ಬರುತ್ತೆ’ ಅನ್ನೋ ಎರಡು ಉತ್ತರ ದಯವಿಟ್ಟು ಬೇಡ, ಅವು ನಮ್ಮ ನೆಂಟರ ಗ್ರೂಪಿನಲ್ಲೇ ಬೇಕಾದಷ್ಟು ಸಿಕ್ಕಿವೆ.

ಕದ್ರಿ_ಗುಡ್ಡೆ

ಸಿಸ್ಟರ್‌ಗಳ ಕಾನ್ವೆಂಟಿನಲ್ಲಿ ಹತ್ತನೇವರೆಗೆ ಓದಿದವಳು. ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಈಗಲೂ ಒಂದೇ ಉಸಿರಿಗೆ ಹೇಳ್ತೇನೆ, ಸಾಯಂಕಾಲ ದೀಪ ಹಚ್ಚಿ ಭಜನೆಯೂ ಮಾಡ್ತೇನೆ. ಕ್ರಿಶ್ಚಿಯನ್ ಮಕ್ಕಳು ಕೆಟೆಕಿಸಂಗೆ, ಅಂದ್ರೆ ಅವರ ಧರ್ಮಪಾಠಕ್ಕೆ, ಎದ್ದು ಹೋಗ್ತಿದ್ರು, ಉಳಿದವರಿಗೆ ಅದೇ ಪೀರಿಯಡ್ಡಿನಲ್ಲಿ ಮಾರಲ್ ಸೈನ್ಸ್. ಸುಳ್ಳು ಹೇಳಬಾರದು, ಬಸ್ಸಿನಲ್ಲಿ ಅಜ್ಜಿಗೆ ಸೀಟು ಬಿಡಬೇಕು, ಅಷ್ಟೇ.

ನನ್ನ ಸಿಟ್ಟು ಬೇರೆ. ಬಳೆ ಹಾಕಿದ್ದಕ್ಕೆ, ಮಲ್ಲಿಗೆ ಮುಡಿದದ್ದಕ್ಕೆ ಅಸೆಂಬ್ಲಿಯಲ್ಲಿ ಎಲ್ಲರೆದುರು ನಿಲ್ಲಿಸ್ತಿದ್ರು. ಕನ್ನಡ ಮಾತಾಡಿದ್ರೆ, ತುಳು ಮಾತಾಡಿದ್ರೆ ಫೈನ್. ಇದು ಯಾವ ನಂಬಿಕೆಯ ಪುಟದಲ್ಲೂ ಇರ್ಲಿಲ್ಲ. ವಿಭೂತಿಯ ಬಗ್ಗೆ ಮೊದಲೇ ಕೇಳಿ, ಅಡ್ಮಿಷನ್ ಆದ್ಮೇಲೆ ಅಲ್ಲ.

ನಿವೃತ್ತ_ಕನ್ನಡ_ಮೇಷ್ಟ್ರು

ದಾವಣಗೆರೆಯವರೇ, ಯೇಸುಸಭೆಯ, ಅಂದರೆ ಜೆಸ್ವಿಟ್ ಎಂಬ ಕಥೋಲಿಕ ಸಂಘದ, ಫಾದರ್‌ಗಳ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ರಿಟೈರ್ ಆದವನು ನಾನು. ಹಣೆಯಲ್ಲಿ ಗಂಧ ಇಟ್ಟುಕೊಂಡೇ ಹೋದವನು, ಇಟ್ಟುಕೊಂಡೇ ಬಂದವನು. ಸ್ವಲ್ಪ ಉದ್ದ ಆದೀತು, ಸೈರಿಸಿ.

ಮೊದಲು ಆ ಪುಸ್ತಿಕೆಯ ಹಿಂದಿನ ರಕ್ಷಾಪುಟ ತಿರುಗಿಸಿ ಶಾಲೆ ನಡೆಸುವವರು ಯಾರೆಂದು ನೋಡಿ. ಕ್ರಿಶ್ಚಿಯನ್ ಶಾಲೆ ಎಂಬುದು ಒಂದೇ ಜಾತಿಯ ವಸ್ತುವಲ್ಲ ಮಾರಾಯ್ರೇ. ಇದೇ ಮಂಗಳೂರಿಗೆ 1834ರಲ್ಲಿ ಬಂದ ಬಾಸೆಲ್ ಮಿಷನ್ನಿನವರು ಪ್ರಾಟೆಸ್ಟೆಂಟರು. ವಿಶ್ವಾಸಿಯಾದವನು ದೇವರ ವಾಕ್ಯವನ್ನು ತನ್ನ ತಾಯ್ನುಡಿಯಲ್ಲಿ ತಾನೇ ಓದಿಕೊಳ್ಳಬೇಕು ಎಂಬುದು ಅವರ ಹಟ. ಆ ಹಟದಿಂದಲೇ ಅವರ ಕನ್ನಡ ಶಾಲೆ, ಅವರ ಅಚ್ಚುಕೂಟ, ಮೋಗ್ಲಿಂಗರ 1843ರ ‘ಮಂಗಳೂರ ಸಮಾಚಾರ’, ಕೊನೆಗೆ 1894ರಲ್ಲಿ ಕಿಟೆಲ್ಲರ ನಿಘಂಟು. ಮತ ಬದಲಿಸಿದವರಿಗೆ ಊರಿನಲ್ಲಿ ಕುಲದ ಕಸುಬು ತಪ್ಪುತ್ತಿತ್ತು, ಅದಕ್ಕೆ ನೇಯ್ಗೆ ಬಂತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಕೈಗೆಲಸವೂ ಆ ಶಿಕ್ಷಣದ ಒಂದು ಪಾಠವೇ. ಇಂಥವರ ನಾಡಿನಲ್ಲಿ ಈಗ ಕನ್ನಡ ಆಡಿದ ಮಗುವಿಗೆ ಫೈನ್! ಕದ್ರಿಯವರ ಸಿಟ್ಟಿನಲ್ಲಿ ನನಗೂ ಒಂದು ಪಾಲು ಉಂಟು.

ಯೇಸುಸಭೆಯ ದಾರಿ ಬೇರೆ. ಅವರಿಗೆ 1599ರಿಂದಲೇ ಬರೆದಿಟ್ಟ ಪಾಠಕ್ರಮವೊಂದಿದೆ. ಆ ಸಭೆ ಕಟ್ಟಿದ ಇಗ್ನೇಷಿಯಸ್ ಲೊಯೋಲಾ ಸೈನಿಕನಾಗಿದ್ದವನು, ಶಿಸ್ತು ಅವರ ರಕ್ತದಲ್ಲೇ ಉಂಟು. ಮಂಗಳೂರಿಗೆ 1878ರ ಕೊನೆಗೆ ಬಂದರು, 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ತೆರೆದರು. ಡಾನ್ ಬಾಸ್ಕೊ ಕಟ್ಟಿದ ಸಲೇಶಿಯನ್ ಎಂಬ ಇನ್ನೊಂದು ಕಥೋಲಿಕ ಸಂಘದವರದ್ದು ಮತ್ತೂ ಬೇರೆ. ಬುದ್ಧಿ ಹೇಳು, ಧರ್ಮ ಕಲಿಸು, ಪ್ರೀತಿ ತೋರಿಸು, ತಪ್ಪು ಆಗದ ಹಾಗೆ ಮೊದಲೇ ಮಗುವಿನ ಜೊತೆ ಇರು, ಹೊಡೆಯಬೇಡ. ಅದಕ್ಕೇ ಅವರ ಶಾಲೆಯಲ್ಲಿ ಫಾದರ್‌ಗಳು ಫುಟ್ಬಾಲ್ ಮೈದಾನದಲ್ಲೇ ಹೆಚ್ಚು ಸಿಗುವುದು.

ಇವರ ಪೈಕಿ ಸೇರದ ಇನ್ನೊಂದು ಬಗೆ ಉಂಟು. ಬೈಬಲೇ ಗಣಿತಕ್ಕೂ ವಿಜ್ಞಾನಕ್ಕೂ ಅಡಿಪಾಯ ಎನ್ನುವವರು. ಅಮೆರಿಕದ ಟೆಕ್ಸಸ್ಸಿನಲ್ಲಿ 1970ರಲ್ಲಿ ಶುರುವಾದ ಎ.ಸಿ.ಇ. (ಆಕ್ಸಿಲರೇಟೆಡ್ ಕ್ರಿಶ್ಚಿಯನ್ ಎಜುಕೇಶನ್) ಎಂಬ ಪಠ್ಯಕ್ರಮ ಅಂಥದ್ದು. ಒಬ್ಬೊಬ್ಬ ಮಗುವಿಗೆ ಒಂದೊಂದು ಗೂಡಿನಂಥ ಮೇಜು, ಸಣ್ಣ ಸಣ್ಣ ಪುಸ್ತಿಕೆ, ಅನುಮಾನ ಬಂದರೆ ಪುಟ್ಟ ಬಾವುಟ ಎತ್ತಬೇಕು. ಸೃಷ್ಟಿಯ ಆರು ದಿನ ಅಲ್ಲಿ ವಿಜ್ಞಾನದ ಪಾಠವೇ. ಅಂಥ ಶಾಲೆ ಆಗಿದ್ದರೆ ಆ ನಂಬಿಕೆಯ ಪುಟವನ್ನು ಅಕ್ಷರಶಃ ಓದಿ, ಅವರು ಹೇಳಿದ್ದನ್ನೇ ಮಾಡುತ್ತಾರೆ. ನಮ್ಮಲ್ಲಿ ರಾಜ್ಯದ ಪಠ್ಯವೇ, ಡಾರ್ವಿನ್ನನ್ನು ಪಾಠ ಮಾಡುತ್ತಿದ್ದವರು ಒಬ್ಬರು ಫಾದರೇ.

ಇನ್ನು ‘ದೇವರ ಸ್ವರೂಪ’. ಈ ಮಾತು ಅಸೆಂಬ್ಲಿಯಲ್ಲಿ ನನ್ನ ಕಿವಿಗೆ ಬಿದ್ದದ್ದು ಕಡಿಮೆ, ಮಾರ್ಕ್ಸ್ ಮೀಟಿಂಗಿನಲ್ಲಿ ಕಣ್ಣಿಗೆ ಬಿದ್ದದ್ದು ಹೆಚ್ಚು. ಬೆಂಗ್ರೆ ಕಡೆಯ ಒಬ್ಬ ಹುಡುಗ, ಒಂಬತ್ತನೇ ಕ್ಲಾಸು, ವಾರಗಟ್ಟಲೆ ನಾಪತ್ತೆ. ನಾವು ಒಬ್ಬೊಬ್ಬರೇ ಅವನ ಅಂಕ ಓದುತ್ತಾ ಹೋದೆವು. ಹೆಡ್‌ಮಾಸ್ಟರ್ ಫಾದರ್ ಪೆನ್ನಿನ ಕ್ಯಾಪ್ ಮುಚ್ಚಿಟ್ಟು, “ಇವನ ಮನೆಗೆ ಹೋದವರು ಯಾರು?” ಅಂತ ಕೇಳಿದರು. ಒಬ್ಬರೂ ಇಲ್ಲ. ಅವರಿಗೆ ತುಳು ಬಾರದು, ಹಾಗಾಗಿ ಸ್ಕೂಟರಿನ ಹಿಂದೆ ನನ್ನನ್ನು ಕೂರಿಸಿಕೊಂಡು ಹೊರಟರು. ಹುಡುಗ ಅಂಗಳದಲ್ಲಿ ಬಲೆ ಹೊಲಿಯುತ್ತಿದ್ದ, ನಮ್ಮನ್ನು ಕಂಡವನೇ ದಬ್ಬಣವನ್ನು ಬೆನ್ನ ಹಿಂದೆ ಮುಚ್ಚಿಟ್ಟ. ಅಪ್ಪನಿಗೆ ಕಾಲು ಮುರಿದಿತ್ತು. ಫಾದರ್ ಪ್ರಾರ್ಥನೆ ಮಾಡಲಿಲ್ಲ, ಉಪದೇಶವನ್ನೂ ಕೊಡಲಿಲ್ಲ. ರಾತ್ರಿ ಓದಲಿಕ್ಕೆ ಇವನಿಗೆ ದೀಪ ಎಲ್ಲಿ ಅಂತ ನನ್ನ ಬಾಯಲ್ಲಿ ಕೇಳಿಸಿದರು. ಮರುದಿನದಿಂದ ಲೈಬ್ರರಿ ಸಂಜೆ ಏಳರವರೆಗೆ ತೆರೆದೇ ಇತ್ತು, ಅಟೆಂಡರ್ ಗೊಣಗಿದ. ಹುಡುಗ ಗಣಿತದಲ್ಲಿ ಆ ಸಲವೂ ಫೇಲು! ಆದರೆ ಶಾಲೆ ಬಿಡಲಿಲ್ಲ.

ಈ ತತ್ವಕ್ಕೆ ಅವರಲ್ಲಿ ಲ್ಯಾಟಿನ್ ಹೆಸರೂ ಉಂಟು, ಸೆಮಿನಾರಿನಲ್ಲಿ ಪವರ್‌ಪಾಯಿಂಟಿನಲ್ಲಿ ತೋರಿಸುತ್ತಾರೆ. ನನಗೆ ಅದು ಅರ್ಥವಾದದ್ದು ಆ ಸ್ಕೂಟರಿನ ಹಿಂದೆ. ಅದೇ ತತ್ವ ಗೇಟಿನ ಹತ್ತಿರ ಬಂದಾಗ ಸೊರಗುವುದನ್ನೂ ಕಂಡಿದ್ದೇನೆ. ಒಳಗೆ ಪ್ರತಿ ಮಗುವೂ ದೇವರ ಸ್ವರೂಪ, ಹೊರಗೆ ಎಸ್ಸೆಸ್ಸೆಲ್ಸಿಯಲ್ಲಿ ತೊಂಬತ್ತೆಂಟು ಪರ್ಸೆಂಟ್ ತೆಗೆದವರದ್ದು ಮಾತ್ರ ಫ್ಲೆಕ್ಸು. ಎಲ್‌ಕೆಜಿ ಸೇರಿಸಿಕೊಳ್ಳಲು ಅಪ್ಪ ಅಮ್ಮನಿಗೆ ಇಂಗ್ಲಿಷಿನಲ್ಲಿ ಇಂಟರ್‌ವ್ಯೂ ಮಾಡುವ ಶಾಲೆ ಆ ಪುಟವನ್ನು ಅಚ್ಚು ಹಾಕಿಸಿದರೇನು, ಬಿಟ್ಟರೇನು.

ದಿನಚರಿಯಲ್ಲಿ ಧರ್ಮ ಎಷ್ಟು ಕಾಣುತ್ತದೆ? ಬೆಳಿಗ್ಗೆ ಪ್ರಾರ್ಥನೆ, ನಾಡಗೀತೆ. ಮಧ್ಯಾಹ್ನ ಊಟದ ನಂತರ ಒಂದೆರಡು ನಿಮಿಷ ಕಣ್ಣು ಮುಚ್ಚಿ ಬೆಳಿಗ್ಗೆಯಿಂದ ಏನು ಮಾಡಿದೆ, ಯಾರನ್ನು ನೋಯಿಸಿದೆ ಅಂತ ತಮಗೆ ತಾವೇ ಕೇಳಿಕೊಳ್ಳುವುದು. ಇದು ಇಗ್ನೇಷಿಯಸ್ ಹಾಕಿಕೊಟ್ಟ ಅಭ್ಯಾಸ. ಅರ್ಧ ಮಕ್ಕಳು ತೂಕಡಿಸುತ್ತಿದ್ದರು, ನಾನೂ ಒಮ್ಮೊಮ್ಮೆ. ಉತ್ತರ ಪತ್ರಿಕೆಯ ನೆತ್ತಿಯಲ್ಲಿ ‘ಎ.ಎಂ.ಡಿ.ಜಿ.’ ಅಂತ ಬರೆಯುವ ರೂಢಿಯೂ ಉಂಟು, ದೇವರ ಹೆಚ್ಚಿನ ಮಹಿಮೆಗಾಗಿ ಎಂದರ್ಥ. ನನ್ನ ಕನ್ನಡ ಪೇಪರಿನ ಕಟ್ಟಿನಲ್ಲಿ ಒಂದರ ಮೇಲೆ ಅದು, ಇನ್ನೊಂದರ ಮೇಲೆ ‘ಶ್ರೀ’, ಮತ್ತೊಂದರ ಮೇಲೆ 786. ಯಾವುದಕ್ಕೂ ನಾನು ಅಂಕ ಕಳೆಯಲಿಲ್ಲ, ಕೂಡಿಸಲೂ ಇಲ್ಲ, ಅಲ್ಲಿ ಯಾರೂ ಹಾಗೆ ಮಾಡಿ ಅಂತ ಹೇಳಲೂ ಇಲ್ಲ.

ಸಹಿಯ ವಿಷಯ. ‘ತಂದೆತಾಯಿಯೇ ಮೊದಲ ಶಿಕ್ಷಕರು’ ಎಂಬುದು ನಿಮ್ಮನ್ನು ಮೆಚ್ಚಿಸಲು ಹಾಕಿದ ಸಾಲಲ್ಲ. 1965ರ ಅಕ್ಟೋಬರ್ 28ರಂದು ವ್ಯಾಟಿಕನ್ ಮಹಾಸಭೆ ಹೊರಡಿಸಿದ ಶಿಕ್ಷಣದ ಘೋಷಣೆಯಲ್ಲೇ ಅದು ಉಂಟು. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ತಾವು ತಳ್ಳಿಹಾಕುವುದಿಲ್ಲ ಎಂಬ ಘೋಷಣೆಯೂ ಅದೇ ದಿನದ್ದು. 2024ರಲ್ಲಿ ಭಾರತದ ಕಥೋಲಿಕ ಬಿಷಪರ ಮಂಡಳಿ ತನ್ನ ಶಾಲೆಗಳಿಗೆ ಕೊಟ್ಟ ಸೂಚನೆಯಲ್ಲಿ, ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆ ಹೇರಬೇಡಿ, ಅಸೆಂಬ್ಲಿಯಲ್ಲಿ ಸಂವಿಧಾನದ ಪ್ರಸ್ತಾವನೆ ಓದಿಸಿ ಅಂತ ಇದೆ. ಶಾಲೆ ಕಥೋಲಿಕರದ್ದಾದರೆ ಪ್ರಿನ್ಸಿಪಾಲರ ಮುಂದೆ ಕೂತು ಇದನ್ನೇ ನಯವಾಗಿ ನೆನಪಿಸಿ. ಟೈಮ್‌ಟೇಬಲ್ ಕೇಳಿ. ಕೆಟೆಕಿಸಂ ಹೊತ್ತಿನಲ್ಲಿ ಮಗಳು ಎಲ್ಲಿರುತ್ತಾಳೆ, ಯಾವ ಪುಸ್ತಕ, ಯಾವ ಟೀಚರ್ ಅಂತ ಕೇಳಿ. ಉತ್ತರ ಕೊಡಲು ತಡವರಿಸಿದರೆ ಬೇರೆ ಶಾಲೆ ನೋಡಿ.

ಕೋರ್ಟು_ಕಚೇರಿ

ಮೇಷ್ಟ್ರು ಹೇಳಿದ್ದಕ್ಕೆ ಕಾನೂನಿನ ಬಾಲ ಸೇರಿಸ್ತೀನಿ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ಕಟ್ಟಿ ನಡೆಸೋ ಹಕ್ಕು ಕೊಡುತ್ತೆ, ಹಾಗಾಗಿ ನಂಬಿಕೆಯ ಪುಟ ಅಚ್ಚು ಹಾಕೋದು ತಪ್ಪಲ್ಲ. ಆದ್ರೆ 28(3) ಇದೆ: ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರೋ ಯಾವ ಸಂಸ್ಥೆಯೂ ಒಪ್ಪಿಗೆ ಇಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ ಕೂರಿಸೋ ಹಾಗಿಲ್ಲ, ಮಕ್ಕಳಾದ್ರೆ ಪೋಷಕರ ಒಪ್ಪಿಗೆ ಬೇಕು. ಆ ಸಹಿಯನ್ನೇ ಒಪ್ಪಿಗೆ ಅಂದುಕೊಳ್ಳೋ ಸಾಧ್ಯತೆ ಇದೆ. ‘ಶಾಲೆಯ ನಿಯಮಗಳನ್ನು ಓದಿದ್ದೇವೆ, ಧಾರ್ಮಿಕ ಬೋಧನೆಗೆ ಒಪ್ಪಿಗೆ ಇಲ್ಲ’ ಅಂತ ಸಹಿಯ ಮೇಲೆ ಒಂದು ಸಾಲು ಬರೆದು, ಜೆರಾಕ್ಸ್ ಇಟ್ಕೊಳ್ಳಿ.

ಪ್ರಾರ್ಥನೆ ಹೊತ್ತಲ್ಲಿ ಮಗು ಸುಮ್ಮನೆ ನಿಂತ್ರೆ ಏನಾಗುತ್ತೆ ಅನ್ನೋರಿಗೆ: 1986ರಲ್ಲಿ ಕೇರಳದ ಬಿಜೋ ಇಮ್ಯಾನುವೆಲ್ ಕೇಸಲ್ಲಿ, ರಾಷ್ಟ್ರಗೀತೆ ಹಾಡದೆ ಗೌರವದಿಂದ ಎದ್ದು ನಿಂತಿದ್ದ ಮಕ್ಕಳನ್ನು ಶಾಲೆಗೆ ವಾಪಸ್ ಸೇರಿಸ್ಕೊಳ್ಳಿ ಅಂತ ಸುಪ್ರೀಂ ಕೋರ್ಟೇ ಹೇಳಿತ್ತು. ಅವರೂ ಕ್ರಿಶ್ಚಿಯನ್ ಪಂಗಡವೊಂದರ ಮಕ್ಕಳೇ.

ದಾವಣಗೆರೆ_ಅಪ್ಪ

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಹೋಗಿದ್ದೆ. ಹಿಂದಿನ ಪುಟದಲ್ಲಿ ಸಿಸ್ಟರ್‌ಗಳ ಸಭೆಯ ಹೆಸರಿದೆ, ಕಥೋಲಿಕರೇ. ವಿಭೂತಿಗೆ ಅಡ್ಡಿ ಇಲ್ಲ ಅಂದ್ರು, ಬಳೆಗೆ ಮಾತ್ರ ‘ಆಟದ ಪೀರಿಯಡ್ಡಿನಲ್ಲಿ ಬೇಡ’. ಟೈಮ್‌ಟೇಬಲ್ ಕೇಳಿದಾಗ ಆಫೀಸಿನವರು ಸ್ವಲ್ಪ ಗುರಾಯಿಸಿದ್ರು, ಸಿಸ್ಟರ್ ತಾವೇ ಎದ್ದು ತಂದು ಕೊಟ್ರು. ವಾರಕ್ಕೆರಡು ವ್ಯಾಲ್ಯೂ ಎಜುಕೇಶನ್, ಪುಸ್ತಕ ತಿರುವಿ ನೋಡಿದೆ. ಸಹಿಯ ಮೇಲೆ ಒಂದು ಸಾಲು ಸೇರಿಸ್ತೀನಿ ಅಂದೆ, ಬರೀರಿ ಅಂದ್ರು. ಕನ್ನಡ ಮಾತಾಡಿದ್ರೆ ಫೈನ್ ಇದೆಯಾ ಅಂತ ಕೇಳಿದ್ದಕ್ಕೆ ಮಾತ್ರ ನಕ್ಕು ಮಾತು ಬದಲಾಯಿಸಿದ್ರು.

ನಿವೃತ್ತ_ಕನ್ನಡ_ಮೇಷ್ಟ್ರು

ನಕ್ಕರೆ ಫೈನ್ ಉಂಟು ಅಂತಲೇ ಲೆಕ್ಕ. ಮೊದಲ ಪೇರೆಂಟ್ಸ್ ಮೀಟಿಂಗಿನಲ್ಲಿ ಎದ್ದು ನಿಂತು ಕನ್ನಡದಲ್ಲೇ ಕೇಳಿ, ಹಿಂದಿನ ಸಾಲಿನಿಂದ ಇನ್ನೂ ನಾಲ್ಕು ಜನ ಏಳುತ್ತಾರೆ. ಕನ್ನಡ ಟೀಚರ್ ಯಾರು ಅಂತ ತಿಳಿದರೆ ನನಗೊಂದು ಮೆಸೇಜ್ ಹಾಕಿ, ನನ್ನ ಹಳೇ ವಿದ್ಯಾರ್ಥಿಗಳೇ ಆಗಿದ್ದರೂ ಆಗಿರಬಹುದು.