ಸಹಾಯ ಬೇಕು: ಗೇಮ್‌ನ ಯುದ್ಧದ ಜಾಗದಲ್ಲಿ ಕ್ವೆಸ್ಟ್ (ಆಟ ಕೊಡುವ ಕೆಲಸ) ಮಾಡುವವರನ್ನು ಹೊಡೆಯಬೇಕಾ, ಬಿಡಬೇಕಾ?

ಎಲ್ಲರಿಗೂ ನಮಸ್ಕಾರ. ವಿಜಯನಗರ, ಜಯನಗರ, ಯಲಹಂಕ ಅಂತ ಬೆಂಗಳೂರಲ್ಲೇ ಚದುರಿಹೋಗಿರುವ ಗೆಳೆಯರು ನಾವು. ರಾತ್ರಿ ಊಟ ಮುಗಿಸಿ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ ಅನ್ನೋ ಗೇಮ್ ಆಡುತ್ತೇವೆ. ಈಗ ಗಿಲ್ಡ್‌ನಲ್ಲೇ (ಆಟದೊಳಗಿನ ನಮ್ಮ ಗುಂಪು) ಜಗಳ ಶುರುವಾಗಿದೆ.

ಸಿರೊಡೀಲ್ ಈ ಆಟದಲ್ಲಿ ಮೂರು ಬಣಗಳ ಯುದ್ಧಭೂಮಿ, ಸರಿ. ಆದರೆ ಬ್ರೂಮಾ, ಚೇಡಿನ್‌ಹಾಲ್ ತರದ ಊರುಗಳಲ್ಲಿ ಮಾಮೂಲಿ ಕ್ವೆಸ್ಟ್‌ಗಳಿವೆ. ಸ್ಕೈಶಾರ್ಡ್ ಅನ್ನೋ ಹೊಳೆಯುವ ಚೂರುಗಳೂ ಇವೆ, ಮೂರು ಸೇರಿದರೆ ಹೊಸ ವಿದ್ಯೆ ಕಲಿಯೋಕೆ ಒಂದು ಸ್ಕಿಲ್ ಪಾಯಿಂಟ್. ಹಾಗಾಗಿ ಕಾದಾಟ ಬೇಡದವರೂ ಬರುತ್ತಾರೆ.

ಮೊನ್ನೆ ನಮ್ಮ ಗುಂಪಿನ ಹುಡುಗಿಯೊಬ್ಬಳು ಆಯುಧ ಒಳಗಿಟ್ಟು, ಕೈ ಬೀಸುತ್ತಾ ಸ್ಕೈಶಾರ್ಡ್ ಹತ್ತಿರ ನಿಂತಿದ್ದಳು. ಎದುರು ಬಣದವನು ತಲೆಬಾಗಿ ಹೊರಟುಹೋದ. ಎಷ್ಟು ಖುಷಿ ಆಯ್ತು ಗೊತ್ತಾ! ಅಷ್ಟರಲ್ಲಿ ಇನ್ನೊಬ್ಬ ಬಂದು ಕೊಂದ. ಅವಳು ಕೋಟೆಯಿಂದ ಕುದುರೆ ಏರಿ ಅಷ್ಟು ದೂರ ವಾಪಸ್ ಬಂದರೆ, ಅವನು ಅಲ್ಲೇ ಕಾದಿದ್ದು ಮತ್ತೆ ಕೊಂದ.

ಒಂದ್ಸಲ ಹೊಡೆದರೆ ನನಗೇನೂ ಬೇಜಾರಿಲ್ಲ. ಕಾದು ಕೂತು ಹೊಡೆಯೋದು ಮಾತ್ರ ತಪ್ಪು. ನಮ್ಮ ಕಾದಾಟದ ಹುಡುಗರು ಕೇಳೋದು, "ನಾವು ಬಿಟ್ಟುಕಳಿಸಿದವನೇ ಆಮೇಲೆ ನಮ್ಮ ಕೋಟೆಗೆ ನುಗ್ಗಿದರೆ?" ಅದೂ ನಿಜ ಅಲ್ವಾ.

ನಿಮ್ಮ ಗಿಲ್ಡ್‌ನಲ್ಲಿ ಏನು ನಿಯಮ? ಕೈ ಬೀಸಿದವರನ್ನು ಬಿಡುತ್ತೀರಾ? ಕೋಟೆ ಹತ್ತಿರವಾದರೆ ಬೇರೆ ಲೆಕ್ಕವಾ? ಶನಿವಾರ ಕೂತು ನಮ್ಮ ನಿಯಮ ಬರೆಯುತ್ತಿದ್ದೇವೆ, ಅಷ್ಟರೊಳಗೆ ದಯವಿಟ್ಟು ಹೇಳಿ.